ಕ್ಲಚ್ ಮೇಲಿನ ಎರಡು ಬೆರಳು

ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ ಅವರನ್ನು ಮೊದಲ ಸಲ ನೋಡಿದವರು ದಂಗಾಗಿ ಹೋಗುತ್ತಾರೆ. ನಾನಂತೂ ಇನ್ನೂ ಸುಧಾರಿಸಿಕೊಂಡಿಲ್ಲ. ಮರಳುದಿಬ್ಬ ಹತ್ತುವ ನಾಲ್ಕು ಚಕ್ರದ ಎಟಿವಿ ಗಾಡಿಗಳ ಟೂ-ಸ್ಟ್ರೋಕ್ ಇಂಜಿನ್ನಿಗೆ ಬಲ ತುಂಬುವುದು ಅವರ ಕಸುಬು. ಗಿರಾಕಿ ಹೊಚ್ಚಹೊಸ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸಿಲಿಂಡರ್ ಬಿಚ್ಚಿ ಮೇಜಿನ ಮೇಲಿಟ್ಟಿರುತ್ತಾರೆ. ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜುತ್ತಾರೆ, ಊದುತ್ತಾರೆ, ಮತ್ತೆ ಉಜ್ಜುತ್ತಾರೆ. ಎಲ್ಲ ಜೋಡಿಸಿ ಒಂದು ದಿನ ಓಡಿಸಿ, ಗಿರಾಕಿ ಕೀಲಿಗೆ ಕೈ ಚಾಚಿದಾಗ ಪುನಃ ಪೂರ್ತಿ ಬಿಚ್ಚುತ್ತಾರೆ. ‘ಅಯ್ಯೋ, ಚೆನ್ನಾಗೇ ಓಡ್ತಿತ್ತಲ್ಲ’ ಎಂದರೆ, ‘ಅದನ್ನ ನೀವು ಹೇಳ್ಬೇಡಿ, ಪಿಸ್ಟನ್ ಹೇಳ್ಲಿ’ ಎನ್ನುತ್ತಾರೆ. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಹೆಂಡತಿ ಕರೆದರೂ ತಿರುಗುವುದಿಲ್ಲ. ಇದೆಲ್ಲಕ್ಕಿಂತ ವಿಚಿತ್ರ ಅವರ ಎಡಗೈ. ಅದರ ಎರಡು ಬೆರಳು ಸದಾ ಕೊಕ್ಕೆಯಂತೆ ಮಡಚಿರುತ್ತವೆ: ಊಟಕ್ಕೆ ಕೂತಾಗ, ಮಗಳ ಮದುವೆ ಫೋಟೋದಲ್ಲಿ, ಬಸ್ಸಿನಲ್ಲಿ ತೂಕಡಿಸುವಾಗಲೂ. ‘ಓಡ್ತಾ ಓಡ್ತಾ ಪಿಸ್ಟನ್ ಬಿಸಿಗೆ ಕಚ್ಕೊಂಡು ಇಂಜಿನ್ ಹಿಡ್ಕೊಂಡ್ರೆ ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತ್ಬಿಡುತ್ತೆ. ಆ ಕ್ಷಣ ಕ್ಲಚ್ ಒತ್ತಿದ್ರೆ ಚಕ್ರ ಬಿಟ್ಕೊಳ್ಳುತ್ತೆ, ಬಚಾವ್. ಬೆರಳು ಅಲ್ಲೇ ಇರ್ಬೇಕು’ ಎಂದು ಪ್ರತಿ ಗಿರಾಕಿಗೂ ಹೇಳಿಕೊಡುತ್ತಾರೆ. ಆದರೆ ಈ ಇಪ್ಪತ್ತು ವರ್ಷದಲ್ಲಿ ಅವರ ಒಂದು ಇಂಜಿನ್ನೂ ಹಿಡಿದುಕೊಂಡಿಲ್ಲ. ಮತ್ತೆ ಬಸ್ಸಿನಲ್ಲೂ ಯಾಕೆ ಈ ಬೆರಳು ಎಂದು ಅವರ ಹೆಂಡತಿಯನ್ನು ನಗುತ್ತಾ ಕೇಳಿದೆ. ಆಕೆ ನಗಲಿಲ್ಲ. ‘ಅದಕ್ಕೂ ಮುಂಚೆ ಇವರು ಕಟ್ಟಿದ ಮೊದಲನೇ ಇಂಜಿನ್ ಹಿಡ್ಕೊಂಡಾಗ ಓಡಿಸ್ತಿದ್ದಿದ್ದು ನನ್ನ ಮೈದುನ, ಇವರ ತಮ್ಮ; ಅವತ್ತೇ ತೀರ್ಕೊಂಡ. ಇವರು ಹಿಂದೆ ಕೂತಿದ್ರು. ಕೈ ಚಾಚಿದ್ರು, ಕ್ಲಚ್ ಎಟುಕಲಿಲ್ಲ.’