ಹೊಳೆ ಕಾಯುವ ಒಡೆದ ಫೋನು

ಯಡೂರಿನಲ್ಲಿ ರಾತ್ರಿಯಿಡೀ ಜಿನುಗಿದ ಮಳೆ ಈಗಷ್ಟೇ ನಿಂತಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಕಿಟಕಿಯ ಪಕ್ಕ, ಖಾರದಪುಡಿ ಡಬ್ಬಿಗೂ ಎಣ್ಣೆ ಬಾಟಲಿಗೂ ನಡುವೆ, ಗಾಜು ಬಿರುಕು ಬಿಟ್ಟ ಹಳೆಯ ಆಂಡ್ರಾಯ್ಡ್ ಫೋನೊಂದು ಗೋಡೆಗೆ ಒರಗಿ ನಿಂತಿದೆ. ಅದರ ಮುಂದೆ ಭೀಮಸಿ ನೇಜಕರ ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಿದ್ದಾರೆ. ಫೋನಿನ ಪರದೆಯ ಮೇಲೆ ಕೃಷ್ಣಾ ನದಿಯ ಹೊಸ ಚಿತ್ರ ಮೂಡುತ್ತದೆ. ಕೆಂಪು ನೀರು, ನೀರಿನೊಳಗೆ ನಿಂತ ಒಂದು ಕಲ್ಲುಕಂಬ, ಕಂಬದ ಮೇಲೆ ಬಳಿದ ಪಟ್ಟಿಗಳು. ಅಷ್ಟರಲ್ಲಿ ಜೇಬಿನಲ್ಲಿದ್ದ ಇನ್ನೊಂದು ಫೋನು ಹೊಡೆದುಕೊಳ್ಳುತ್ತದೆ.

“ಭೀಮಸಿ, ಫೋಟೋ ಬಂತಪಾ. ನೀರ ಎಲ್ಲಿಗೈತಿ?”

“ಫೋಟೋದಾಗ ಕಾಣತೈತೆಲ್ರಿ ಕಾಕಾ!”

“ಕಾಣತೈತಿ. ಎರಡನೇ ಪಟ್ಟಿ ಮುಳಗೈತಿ. ಆದ್ರ ನೀ ಒಮ್ಮಿ ಹೇಳಿದ್ರ ಖಾತ್ರಿ.”

ಭೀಮಸಿ ಕಣ್ಣು ಮುಚ್ಚಿ ಉಸಿರು ಬಿಡುತ್ತಾರೆ. “ಎರಡನೇ ಪಟ್ಟಿ ಮುಳಗೈತ್ರಿ.”

“ಹಾಂ, ಈಗ ಸಮಾಧಾನಾತ ನೋಡು.”

ಆ ಕಡೆ ಇದ್ದವರು ಅದೇ ಊರಿನ ಕಬ್ಬು ಬೆಳೆಗಾರ ತವನಪ್ಪ. ಎಪ್ಪತ್ತು ದಾಟಿದ್ದರೂ ಫೋನಿನಲ್ಲಿ ಮುನಿಗಳ ಪ್ರವಚನವನ್ನು ತಪ್ಪದೆ ನೋಡುತ್ತಾರೆ, ಮೊಮ್ಮಕ್ಕಳಿಗೆ ವಿಡಿಯೋ ಕಾಲ್ ಮಾಡುತ್ತಾರೆ, ಮನೆಯಲ್ಲೇ ಕೂತು ಮೊಬೈಲಿನಿಂದ ಮೋಟಾರು ಚಾಲೂ ಮಾಡುತ್ತಾರೆ. ಹೊಳೆಯ ಚಿತ್ರ ಮಾತ್ರ ಅವರಿಗೆ ಭೀಮಸಿಯ ಬಾಯಿಂದಲೇ ಕಾಣಬೇಕು. ಅವರೊಬ್ಬರೇ ಆಗಿದ್ದರೆ ಬಿಡಿ, ಹೇಗೋ ನಡೆಯುತ್ತಿತ್ತು. ಬ್ರಶ್ ತೊಳೆದು ಇಡುವಷ್ಟರಲ್ಲಿ ಇನ್ನೂ ಮೂವರು ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಮಳೆ ಜೋರಾದ ದಿನ ನಲವತ್ತು ಕರೆ ಬಂದರೂ ಆಶ್ಚರ್ಯವಿಲ್ಲ.

ಯಾರೂ ಕೇಳಬಾರದು ಎಂದೇ ಭೀಮಸಿ ಇದನ್ನೆಲ್ಲ ಮಾಡಿದ್ದು. ಅವರ ಹೊಟ್ಟೆ ಉರಿಯುವುದೂ ಅದಕ್ಕೇ.

ಭೀಮಸಿಯ ಕಸುಬು ಮೋಟಾರ್ ವೈಂಡಿಂಗ್. ಸುಟ್ಟ ಮೋಟಾರಿನ ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತಿ ಕೊಡುವುದು. ಹೊಳೆಸಾಲಿನ ಊರುಗಳಲ್ಲಿ ಈ ಕೆಲಸಕ್ಕೆ ಬರವಿಲ್ಲ. ರೈತರ ಮೋಟಾರುಗಳು ನದಿಯ ದಂಡೆಯಲ್ಲಿ ಸಾಲಾಗಿ ಕೂತಿರುತ್ತವೆ, ಅಲ್ಲಿಂದ ಪೈಪಿನಲ್ಲಿ ನೀರು ಹೊಲಕ್ಕೆ ಹೋಗುತ್ತದೆ. ನದಿಯ ಮೇಲ್ಭಾಗದಲ್ಲಿ ಮಳೆ ಹೆಚ್ಚಾಗಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಒಂದೇ ರಾತ್ರಿಯಲ್ಲಿ ದಂಡೆ ಏರುತ್ತದೆ. ಮುಳುಗಿದ ಮೋಟಾರಿನೊಳಗೆ ಕೆಸರು ಹೊಕ್ಕರೆ ಮುಗಿಯಿತು. ನೆರೆ ಇಳಿದ ಮೇಲೆ ಪೈರಿಗೆ ನೀರು ಬೇಕಾದಾಗ ರೈತ ವೈಂಡಿಂಗ್ ಅಂಗಡಿಯ ಮುಂದೆ ಪಾಳಿ ಹಚ್ಚಬೇಕಾಗುತ್ತದೆ. ಅದಕ್ಕೇ ನೀರು ಕಲ್ಲುಕಂಬದ ಕೆಂಪು ಪಟ್ಟಿಗೆ ತಾಗುವ ಮೊದಲೇ ಎಲ್ಲ ಮೋಟಾರುಗಳನ್ನೂ ಮೇಲಕ್ಕೆ ಎಳೆದುಕೊಳ್ಳಬೇಕು.

ಎಳೆಯುವ ಚೈನ್‌ಪುಲ್ಲಿ ಭೀಮಸಿಯದು. ಹೀಗಾಗಿ ಹೊಳೆ ನೋಡಿ ಬರುವ ಕೆಲಸವೂ ತಾನಾಗಿಯೇ ಅವರ ಕೊರಳಿಗೆ ಬಿತ್ತು. ಯಾರೂ ಹಚ್ಚಿದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ಮಳೆಗಾಲದಲ್ಲಿ ಹೊತ್ತು ಗೊತ್ತಿಲ್ಲದೆ ದಂಡೆಗೆ ನಡೆದು, ಒಮ್ಮೆ ಕೆಸರಿನಲ್ಲಿ ಜಾರಿ ಬಲಗೈ ಮುರಿದುಕೊಂಡು, ಆ ಹಂಗಾಮಿಡೀ ಅಂಗಡಿ ಮುಚ್ಚಿ ಮನೆಯಲ್ಲಿ ಕೂತರು. “ಕೈ ಮುರಕೊಂಡ ಕುಂತಾಗೂ ಬಿಡಲಿಲ್ರಿ. ಮಾತಾಡಸಾಕ ಬಂದವ್ರು, ‘ಕೈ ಹೆಂಗೈತಿ’ ಅನ್ನೂ ಮೊದಲ ‘ಹೊಳಿ ಎಷ್ಟೇರೇತಿ’ ಅಂತಿದ್ರು.”

ಹಾಗೆ ಕೂತಾಗಲೇ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಫೋನುಗಳು ಅವರ ಕಣ್ಣಿಗೆ ಬಿದ್ದವು. ಗಾಜು ಒಡೆದಿದೆ, ಆದರೆ ಕ್ಯಾಮೆರಾ ಸರಿ ಇದೆ. ಸ್ಪೀಕರ್ ಹೋಗಿದೆ, ಆದರೆ ಇಂಟರ್ನೆಟ್ ಹಿಡಿಯುತ್ತದೆ. ಎಡಗೈಯಲ್ಲೇ ಒಂದು ಫೋನಿಗೆ ಕ್ಯಾಮೆರಾ ಆ್ಯಪ್ ಹಾಕಿ, ಎಣ್ಣೆ ಡಬ್ಬಿ ಕತ್ತರಿಸಿ ಗೂಡು ಮಾಡಿ, ಪಂಪ್‌ಹೌಸಿನ ಕಂಬಕ್ಕೆ ಕಟ್ಟಿಸಿದರು. ಆ ಆ್ಯಪ್ ಯಾವುದೋ ಕಂಪನಿಯದು. ಮೊದಲ ವಾರ ಚೆನ್ನಾಗಿ ನಡೆಯಿತು, ಆಮೇಲೆ ತನ್ನ ಬುದ್ಧಿ ತೋರಿಸಿತು.

“ಬೆಳಗಾಗ ಎದ್ದ ಹೊಳಿ ನೋಡಬೇಕಂದ್ರ ಮೊದಲ ಬನಿಯನ್ ಜಾಹೀರಾತ ಬರತಿತ್ರಿ. ಐದ ಸೆಕೆಂಡ ಕಾಯ್ರಿ ಅಂತಿತ್ತು. ಹೊಳಿ ಕಾಯತೈತೇನ್ರಿ? ನಮ್ಮ ಹೊಳಿ ಚಿತ್ರ ಯಾವ ದೇಶಕ್ಕೋ ಹೋಗಿ, ಅಲ್ಲಿಂದ ತಿರುಗಿ ಯಡೂರಿಗೆ ಬರಬೇಕಂತ. ಹೊಳಿ ಇರೂದ ಮನಿ ಹಿಂದ!”

ಸಿಟ್ಟು ನೆತ್ತಿಗೇರಿ ಅವರು ಕಂಪನಿಯ ಸಹವಾಸವನ್ನೇ ಬಿಟ್ಟರು. ಮರಾಠಿಯಲ್ಲಿ, ಹಿಂದಿಯಲ್ಲಿ ಸಿಕ್ಕ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಎರಡನೆಯ ಹಳೆಯ ಫೋನನ್ನು ಮನೆಯಲ್ಲೇ ಸರ್ವರ್ ಮಾಡಿದರು. ದಂಡೆಯ ಫೋನು ಚಿತ್ರ ತೆಗೆದು ಅಡುಗೆಮನೆಯ ಫೋನಿಗೆ ಕಳಿಸುತ್ತದೆ. ಅಡುಗೆಮನೆಯ ಫೋನು ಅದನ್ನು ಇಟ್ಟುಕೊಂಡು, ಲಿಂಕ್ ಒತ್ತಿದವರಿಗೆಲ್ಲ ತೋರಿಸುತ್ತದೆ. ಕರೆಂಟು ಹೋದರೂ ಬ್ಯಾಟರಿ ಇರುವುದರಿಂದ ನಿಲ್ಲುವುದಿಲ್ಲ.

ಕೇಳುವುದಕ್ಕೆ ಸಲೀಸು. ಮಾಡಿ ನೋಡಿದವರಿಗೆ ಗೊತ್ತು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ತಾನೇ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಸೆಟ್ಟಿಂಗ್ ಬದಲಿಸಿದರೆ, ಅಪ್‌ಡೇಟ್ ಬಂದು ಮತ್ತೆ ಮಲಗಿಸುತ್ತಿತ್ತು. ಹಗಲೂರಾತ್ರಿ ಚಾರ್ಜಿಗೆ ಹಾಕಿದ್ದಕ್ಕೆ, ಅಡುಗೆಮನೆಯಲ್ಲಿ ಮೊದಲು ಇಟ್ಟಿದ್ದ ಫೋನಿನ ಬ್ಯಾಟರಿ ಪೂರಿಯಂತೆ ಉಬ್ಬಿ ಹಿಂಬದಿಯ ಮುಚ್ಚಳ ಹಾರಿತು. ಹೆಂಡತಿ ಕೋಮಲ ಅದನ್ನು ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಎಸೆದರು. “ಅಡಗಿಮನ್ಯಾಗ ನೆಟ್‌ವರ್ಕ್ ಸಿಗತೈತಿ ಅಂತ ಅಲ್ಲಿ ಇಟ್ಟಾರ್ರಿ. ನಾ ರೊಟ್ಟಿ ಬಡೀಬೇಕೋ, ಇದರ ನೆತ್ತಿ ಮುಟ್ಟಿ ಜ್ವರ ನೋಡಬೇಕೋ?” ಎಂದು ಅವರು ಇವತ್ತಿಗೂ ಕೇಳುತ್ತಾರೆ. ಈಗ ಅದರ ಜಾಗಕ್ಕೆ ಬಂದ ಫೋನು ಟೈಮರ್ ಸ್ವಿಚ್ಚಿಗೆ ಸಿಕ್ಕಿಸಿಕೊಂಡು ಹೊತ್ತು ಹೊತ್ತಿಗೆ ಮಾತ್ರ ಚಾರ್ಜ್ ಆಗುತ್ತದೆ. ಅದರ ನೆತ್ತಿ ಮುಟ್ಟಿ ನೋಡುವುದನ್ನು ಮಾತ್ರ ಕೋಮಲ ಬಿಟ್ಟಿಲ್ಲ.

ಇಷ್ಟೆಲ್ಲ ಆದ ಮೇಲೆ ಲಿಂಕು ಊರಿಗೆ ಹೋಯಿತು. ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ‘ಚಿತ್ರ ನೋಡ್ರಿ, ಫೋನ್ ಮಾಡಬ್ಯಾಡ್ರಿ’ ಎಂದು ಬರೆದರು. ಜನ ಅದನ್ನು ಓದಿದರು. ಓದಿದ್ದೇವೆ ಎಂದು ತಿಳಿಸಲು ಫೋನ್ ಮಾಡಿದರು.

ಹೋದ ವರ್ಷದ ನಾಗರ ಅಮಾವಾಸ್ಯೆಯ ಕತೆಯನ್ನು ಭೀಮಸಿ ತಾವಾಗಿ ಹೇಳುವುದಿಲ್ಲ, ಊರೇ ಹೇಳಿಸುತ್ತದೆ. ಅಮಾವಾಸ್ಯೆಗೆ ಈ ಕಡೆ ಟ್ರ್ಯಾಕ್ಟರು, ಮೋಟಾರುಗಳಿಗೆ ಪೂಜೆ ಮಾಡಿ ಕಾಯಿ ಒಡೆಯುವುದು ರೂಢಿ. ಅವರ ತಾಯಿ ದುಂಡವ್ವ ಸಂಜೆ ದಂಡೆಗೆ ಹೋಗಿ ಮನೆಯ ಮೋಟಾರಿಗೆ ಕುಂಕುಮ ಹಚ್ಚಿ ಹೂವಿನ ಹಾರ ಹಾಕಿದರು. ಎದ್ದು ನೋಡಿದರೆ ಪಂಪ್‌ಹೌಸಿನ ಕಂಬದ ಮೇಲೆ ಫೋನು. ಮೋಟಾರಿಗೆ ಮಾಡಿ ಇದಕ್ಕೆ ಬಿಟ್ಟರೆ ಹೇಗೆ? ಅದಕ್ಕೂ ಕುಂಕುಮ ಹಚ್ಚಿದರು. ಆಮೇಲೆ ತುದಿಬೆರಳಲ್ಲಿ ಕಾಡಿಗೆ ತೆಗೆದು, ಕ್ಯಾಮೆರಾದ ಗಾಜಿಗೆ ಮನಸ್ಸಿಟ್ಟು ಬಳಿದರು.

“ಊರ ಮಂದಿ ಎಲ್ಲಾ ಅದರ ಕಣ್ಣಿಲೇ ನೋಡತಾರು. ದೃಷ್ಟಿ ಆಗೂದಿಲ್ಲೇನು? ಕಣ್ಣ ಅಂದಮ್ಯಾಲ ಕಾಡಿಗಿ ಹಚ್ಚಬೇಕಪಾ” ಎನ್ನುತ್ತಾರೆ ದುಂಡವ್ವ, ಈಗಲೂ ತಪ್ಪು ಮಾಡಿದವರ ಮುಖ ಮಾಡದೆ.

ಆ ಸಂಜೆ ಕರೆಂಟು ಹೋಗಿ ದಂಡೆಯ ದೀಪವೂ ಆರಿತ್ತು. ಚಿತ್ರ ಕಪ್ಪಾಗಿ ಬಂದರೆ ಯಾರಿಗೆ ಅನುಮಾನ? ಬೆಳಿಗ್ಗೆ ಭೀಮಸಿ ಎಚ್ಚರಾಗಿ, ಮಲಗಿದಲ್ಲೇ ಮೊಬೈಲಿನಲ್ಲಿ ಕಪ್ಪು ಚಿತ್ರ ನೋಡಿ, ಇನ್ನೂ ಕತ್ತಲು ಎಂದುಕೊಂಡು ಕೌದಿ ಎಳೆದುಕೊಂಡರು. ಚಿತ್ರ ಬರಲು ಶುರುವಾದ ಮೇಲೆ ದಂಡೆಗೆ ನಡೆಯುವುದನ್ನು ಅವರೂ ಬಿಟ್ಟಿದ್ದರು. ಅದೇ ಹೊತ್ತಿಗೆ ತವನಪ್ಪನವರ ಫೋನು.

“ಭೀಮಸಿ, ನಿನ್ನ ಹೊಳಿ ಕಾಣವಲ್ದಲ್ಲೋ.”

“ಇನ್ನಾ ಬೆಳಕ ಹರದಿಲ್ರಿ ಕಾಕಾ, ಮಕ್ಕೊರ್ರಿ.”

“ನಮ್ಮ ಅಂಗಳದಾಗ ಹರದೈತಲ್ಲಪಾ! ಹೊಳ್ಯಾಗ ಯಾಕ ಹರದಿಲ್ಲ?”

ಭೀಮಸಿ ರೇಗಿ ಕಟ್ ಮಾಡಿದರು. ಮತ್ತೊಂದು ಕರೆ, ಅದರ ಹಿಂದೆ ಇನ್ನೊಂದು. ಎಲ್ಲರದೂ ಒಂದೇ ತಕರಾರು. ಬೈಯಲೆಂದು ಎದ್ದು ಕೂತವರು ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಬೆಳಕಾಗಿತ್ತು. ಚಪ್ಪಲಿಯೂ ಇಲ್ಲದೆ ದಂಡೆಗೆ ಓಡಿದರೆ, ನೀರು ಕೆಂಪು ಪಟ್ಟಿಯನ್ನು ಮುಟ್ಟಿ ಇನ್ನೂ ಏರುತ್ತಿತ್ತು.

ಫೋನ್ ಹಿಡಿದು ಕಾಯುತ್ತಿದ್ದ ಮಂದಿಯೆಲ್ಲ ಒಂದೇ ಮಾತಿಗೆ ಹಗ್ಗ ಹಿಡಿದು ಬಂದರು. ಚೈನ್‌ಪುಲ್ಲಿ ಗರಗರ ತಿರುಗಿತು. ಒಂದೊಂದಾಗಿ ಸಾಲಿನ ಮೋಟಾರುಗಳೆಲ್ಲ ಮೇಲೆ ಬಂದವು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿದ್ದ ಒಂದು ಮಾತ್ರ, ಹಾರ ಹಾಕಿಕೊಂಡು ಕುಂಕುಮ ಹಚ್ಚಿಕೊಂಡು, ಅವರ ಕಣ್ಣೆದುರೇ ನೀರಿನಡಿ ಹೋಯಿತು. ಅದು ಭೀಮಸಿಯದು. ಊರಿಗೆಲ್ಲ ಮೋಟಾರು ಕಟ್ಟಿಕೊಡುವವನ ಮೋಟಾರೇ ಮುಳುಗಿತು ಎಂದು ಚಹಾದಂಗಡಿಯಲ್ಲಿ ಇನ್ನೂ ನಗುತ್ತಾರೆ. ಭೀಮಸಿಗೆ ನಗು ಬರುವುದಿಲ್ಲ. “ಮಂದಿ ಮೋಟಾರ ಕಟ್ಟಿ ಮುಗಿಸಿ ನಂದ ಕಟ್ಟೂದರಾಗ ನನ್ನ ಗೋವಿನಜ್ವಾಳ ಒಣಗಿ ಹೋತ್ರಿ. ಏನ ನಗೂದೈತಿ ಅದರಾಗ?”

ನೆರೆ ಇಳಿದ ಮೇಲೆ ಅವರು ಎರಡು ಕೆಲಸ ಮಾಡಿದರು. ಗಾಜನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕಾಡಿಗೆ ಹಚ್ಚಲೆಂದೇ ತಾಯಿಗೆ ಎಣ್ಣೆ ಡಬ್ಬಿಯ ಗೂಡಿನ ಮೇಲೆ ಬೇರೆ ಎರಡು ಕಣ್ಣು ಬರೆದುಕೊಟ್ಟರು. ಇನ್ನೊಂದು, ಚಿತ್ರದ ಮೇಲಿನ ದಪ್ಪ ಅಕ್ಷರಗಳನ್ನು ಅಳಿಸಿದರು.

ಹಾಗೆಂದು ಅವರ ಸಿಡಿಮಿಡಿ ಇಳಿದಿದೆ ಎಂದುಕೊಳ್ಳಬೇಡಿ. ಪತ್ರಿಕೆಯಲ್ಲಿ ಬರೆಯುತ್ತೇವೆ, ಏನಾದರೂ ಆಸೆ ಇದ್ದರೆ ಹೇಳಿ ಎಂದರೆ ಕೈಮುಗಿಯುತ್ತಾರೆ. “ನನ್ನ ನಂಬರ ಒಂದ ಹಾಕಬ್ಯಾಡ್ರಿ. ಈಗ ಇದ್ದ ತ್ರಾಸ ಸಾಕಾಗೇತಿ.”

ರೊಟ್ಟಿ ಬಡಿಯುತ್ತಿದ್ದ ಕೋಮಲ ಅಲ್ಲಿಂದಲೇ ಬಾಯಿ ಹಾಕುತ್ತಾರೆ. “ಮೊನ್ನಿದ ಹೇಳ್ರಿ ಅವ್ರಿಗೆ.”

ಮೊನ್ನೆ ತವನಪ್ಪ ಮುಗಳಖೋಡದ ಬೀಗರ ಮನೆಗೆ ಹೋಗಿದ್ದರು. ಮಳೆಯೂ ಬಿಡುವು ಕೊಟ್ಟಿತ್ತು. ಬೆಳಗಿನಿಂದ ಒಂದೂ ಕರೆ ಇಲ್ಲ. ಚಿತ್ರ ಸ್ವಚ್ಛವಾಗಿತ್ತು, ನೀರು ಕೆಳಗಿನ ಪಟ್ಟಿಯಲ್ಲೇ ಇತ್ತು. ಭೀಮಸಿ ಜೇಬಿನ ಫೋನು ತೆಗೆದು ನೆಟ್‌ವರ್ಕ್ ಇದೆಯೇ ಎಂದು ನೋಡಿದರು. ಇತ್ತು. ಅಂಗಳದಲ್ಲಿ ಅಡ್ಡಾಡಿದರು, ಚಹಾ ಆರಿಹೋಯಿತು. ಕೊನೆಗೆ ಚಪ್ಪಲಿ ಮೆಟ್ಟಿ ದಂಡೆಗೆ ಹೋಗಿ, ಕಣ್ಣಾರೆ ನೋಡಿ ಬಂದರು.

“ಚಿತ್ರ ಬರೋಬ್ಬರಿ ಇತ್ರಿ” ಎನ್ನುತ್ತಾರೆ, ನೆಲ ನೋಡುತ್ತ. “ಆದ್ರ ಅದು ಖರೇ ಐತೇನಂತ ಯಾರರೆ ಕೇಳಬೇಕಲ್ರಿ.”

ಜೇಬಿನಲ್ಲಿ ಮತ್ತೆ ಫೋನು ಹೊಡೆದುಕೊಳ್ಳುತ್ತದೆ. ಹೆಸರು ನೋಡಿ, “ನೋಡ್ರಿ, ಈಗರೇ ಹೇಳೇನಿ ಈ ಮುದುಕಗ, ಮತ್ತ ಹಚ್ಚಿದ” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಎರಡನೆಯ ರಿಂಗ್ ಆಗುವ ಮೊದಲೇ ಎತ್ತುತ್ತಾರೆ.