ಎಂಜಿನ್ ಮಾಮನ ಕನ್ನಡ ಪಾಠ

ಹೋದ ವಾರ ಬಂಗಾರಪೇಟೆಯ ಬಸ್ ನಿಲ್ದಾಣದಲ್ಲಿ ನಮ್ಮ ಬೂದಿಕೋಟೆಯ ಬಸ್ಸು ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಒಬ್ಬ ಅದರ ಅಡಿಯಿಂದ ತೆವಳಿಕೊಂಡು ಹೊರಗೆ ಬಂದವನು ಒಂದು ಹಿಡಿ ನೂಲಿನ ಉಂಡೆಗೆ ಕೈ ಒರೆಸಿ, ಅದನ್ನು ನಾನು ಕೂತಿದ್ದ ಕಲ್ಲುಬೆಂಚಿನ ಮೇಲೆ ಇಟ್ಟು ಟೀ ಕುಡಿಯಲು ಹೋದ. ಗ್ರೀಸು, ಸೀಮೆಎಣ್ಣೆ, ಹಳೆಯ ಹತ್ತಿ ಮೂರೂ ಬೆರೆತ ವಾಸನೆ. ಪಕ್ಕದವರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನು ಮಾತ್ರ ಅಲ್ಲೇ ಕೂತೆ. ಕೆ.ಜಿ.ಎಫ್.ನ ಚಿನ್ನದ ಗಣಿಯ ಆಳುಗಳ ಸಾಲಿನಲ್ಲಿದ್ದ ನಮ್ಮ ಲೈನ್ ಮನೆ, ಅದರ ಗಿಡ್ಡ ಜಗುಲಿ, ಸಂಜೆ ನಾಲ್ಕರ ಬಿಸಿಲು, ಕಂಬಕ್ಕೆ ಒರಗಿ ಅಂಥದೇ ಉಂಡೆಯಲ್ಲಿ ಉಗುರುಗಳ ಸಂದು ಒರೆಸಿಕೊಳ್ಳುತ್ತಿದ್ದ ಎಂಜಿನ್ ಮಾಮ...

ಅವರು ನಮ್ಮ ಎದುರು ಮನೆಯವರು. ಗಣಿಯ ಬಾವಿಯೊಳಗೆ ಆಳುಗಳನ್ನು ಇಳಿಸಿ ಮತ್ತೆ ಮೇಲೆತ್ತುವ ಕಬ್ಬಿಣದ ಪಂಜರವಿತ್ತಲ್ಲ, ಅದನ್ನು ಎಳೆಯುವ ದೊಡ್ಡ ಎಂಜಿನ್ನಿನ ಡ್ರೈವರು. ತಾವು ನೆಲದ ಮೇಲೆ ಕೂತು, ಕಣ್ಣಿಗೆ ಕಾಣದ ಆಳದಲ್ಲಿರುವ ಜನರನ್ನು ಹಗ್ಗದ ತುದಿಯಲ್ಲಿ ಹಿಡಿದುಕೊಂಡಿರುವ ಕೆಲಸ. ನನ್ನ ಅಪ್ಪನನ್ನೂ ಎಷ್ಟೋ ದಿನ ಇಳಿಸಿ ಎತ್ತಿದ್ದವರು ಅವರೇ. ಹೆಂಡತಿ ಮಕ್ಕಳೆಲ್ಲ ತಮಿಳುನಾಡಿನ ಗುಡಿಯಾತ್ತಂ ಕಡೆಯ ಊರಿನಲ್ಲಿದ್ದರು, ಇಲ್ಲಿ ಒಬ್ಬರೇ. ಮನೆಮಾತು ತಮಿಳು, ಬೀದಿಗೆ ಇಳಿದರೆ ಕನ್ನಡ ತೆಲುಗು ಎರಡೂ ಕಲಸಿದ ಮಾತು. ತಮಿಳು ಸ್ಕೂಲಿನಲ್ಲಿ ಓದಿ ಲೆಕ್ಕ ಚೆನ್ನಾಗಿ ಬಲ್ಲವರು, ಆದರೆ ಕನ್ನಡ ಮಾತಾಡುತ್ತಿದ್ದರೇ ಹೊರತು ಓದಲು ಒಂದಕ್ಷರ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ತಮ್ಮ ಹುಟ್ಟಿದ. ಹೆರಿಗೆಯಾದ ಮೇಲೆ ಸೊಂಟ ಹಿಡಿದು ಮಲಗಿದ ಅಮ್ಮ ಎರಡು ವರ್ಷ ನೆಟ್ಟಗೆ ಏಳಲಿಲ್ಲ. ಒಲೆ, ನೀರು, ಮಗು ಎಲ್ಲ ನನ್ನ ಕೈಗೆ ಬಂತು, ಸ್ಕೂಲು ಬಿಟ್ಟುಹೋಯಿತು. ಅಪ್ಪನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತೆಂದು ಕಾಣುತ್ತದೆ. ಒಂದು ದಿನ ಯಾರದೋ ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬಂದ.

“ಮನೇಲೇ ಓದ್ಕೊ. ಏಳನೇ ಕ್ಲಾಸ್ ಪರೀಕ್ಷೆಗೆ ಒರಗಡೆಯಿಂದ ಕಟ್ಟಿಸ್ತೀನಿ. ಪಾಸಾದ್ರೆ ಐಸ್ಕೂಲಿಗೆ ಓಗ್ತೀಯ. ಇಲ್ದಿದ್ರೆ ನಿಮ್ಮಜ್ಜಿ ಊರಾಗೆ ಅಸು ನೋಡ್ಕೊಂಡು ಇರ್ತೀಯ. ಎಲ್ಡರಾಗೆ ಒಂದು.”

ಅಪ್ಪ ಬೆದರಿಸಲು ಹೇಳಿದ ಮಾತಲ್ಲ ಅದು, ಇದ್ದದ್ದನ್ನು ಹೇಳಿದ. ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ ಅಜ್ಜಿಗೆ ಕಣ್ಣು ಮಂದವಾಗುತ್ತಿತ್ತು, ಹಸುಗಳಿಗೆ ಒಬ್ಬರು ಬೇಕಾಗಿತ್ತು. ಅಮ್ಮ ಎದ್ದು ಓಡಾಡುವಂತಾದ ಮೇಲೆ ನಾನು ಸ್ಕೂಲಿಗೆ ಹೋಗುತ್ತೇನೋ ಕೊಟ್ಟಿಗೆಗೆ ಹೋಗುತ್ತೇನೋ ಎಂಬುದು ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು.

ಇನ್ನು ಅಪ್ಪನ ನಿಯಮ ಕೇಳಿ. ಅಪ್ಪ ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಬಸ್ಸಿನ ಬೋರ್ಡು, ಬೀಡಿ ಕಟ್ಟಿನ ಕಾಗದ, ಗಣಿಯ ಗೋಡೆಯ ಬರಹ ನೋಡಿ ನೋಡಿ ತಾನೇ ಓದು ಕಲಿತವನು. ಅವನಿಗೆ ಅದೊಂದೇ ಆಸ್ತಿ ಅನ್ನಿ. “ಬರ್ದೋರು ಎಲ್ಲಾ ಬರ್ದು ಮಡಗವ್ರೆ. ಓದೋಳು ನೀನಿದ್ದೀಯ. ಮಧ್ಯ ಇನ್ನೊಬ್ಬ ಯಾಕೆ?” ಅನ್ನುತ್ತಿದ್ದ. ಅರ್ಥವಾಗದಿದ್ದರೆ ಮೂರು ಸಲ ಓದಬೇಕು. ಆಗಲೂ ಆಗದಿದ್ದರೆ ಹಿಂದಿನ ಪುಟದಿಂದ ಹಿಡಿದು ಓದಬೇಕು. ಯಾರ ಬಾಗಿಲಿಗೂ ಹೋಗಿ ಕೇಳಕೂಡದು.

ಆರನೇ ಕ್ಲಾಸಿನ ಲೆಕ್ಕವೆಲ್ಲ ಹಾಗೇ ಸಾಗಿತು. ಒಲೆ ಮುಂದೆ ಕೂತು ಲೆಕ್ಕ ಮಾಡುವುದು, ಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರ ನೋಡುವುದು, ತಪ್ಪಿದ್ದರೆ ಅಳಿಸಿ ಮತ್ತೆ ಮಾಡುವುದು. ಬಾಯಿಬಿಟ್ಟು ಒಂದು ಲೆಕ್ಕವನ್ನೂ ಯಾರಿಗೂ ಹೇಳಿದವಳಲ್ಲ ನಾನು. ಏಳನೇ ಕ್ಲಾಸಿನಲ್ಲಿ ಋಣ ಸಂಖ್ಯೆ ಬಂತು. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ಎಂದು ಬರೆದಿತ್ತು. ಓದಿದ ಕೂಡಲೇ ಅರ್ಥವಾಗಿಬಿಟ್ಟಿತು, ಯಾಕೆಂದರೆ ನಮ್ಮ ಊರಿನಲ್ಲಿ ಎಲ್ಲರೂ ಬದುಕುತ್ತಿದ್ದದ್ದೇ ಸೊನ್ನೆಯ ಕೆಳಗಿನ ಲೆಕ್ಕದಲ್ಲಿ. ಬಾವಿಯ ಬಾಯಿ ಸೊನ್ನೆ. ಅಲ್ಲಿಂದ ಕೆಳಗೆ ಒಂದನೇ ಲೆವೆಲ್, ಎರಡನೇ ಲೆವೆಲ್. ಅಪ್ಪ ಎಂಬತ್ತನೇ ಲೆವೆಲ್ಲಿನವನು. ಮೈನಸ್ ಎಂಟು ಮೈನಸ್ ಮೂರಕ್ಕಿಂತ ದೊಡ್ಡದು ಅನ್ನಲು ನನಗೆ ಯಾವ ಪುಸ್ತಕವೂ ಬೇಕಿರಲಿಲ್ಲ.

ಎಂಜಿನ್ ಮಾಮ ಸಂಜೆ ಹೊತ್ತು ಅಪ್ಪನನ್ನು ಕಾಣಲು ಬಂದು ಜಗುಲಿಯಲ್ಲಿ ಕೂರುವುದಿತ್ತು. ಅಂದು ಅಪ್ಪ ಇನ್ನೂ ಬಂದಿರಲಿಲ್ಲ. ನಾನು ತಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಏನೋ ಹೊಡೆದುಹಾಕುತ್ತಿದ್ದೆ. ಮಾಮ ಬಗ್ಗಿ ನೋಡಿದರು. ಮಕ್ಕಳನ್ನೆಲ್ಲ ಅವರು ತಮಿಳಿನ ಮುದ್ದಿನಲ್ಲಿ ‘ಕಣ್ಣು’ ಎಂದೇ ಕರೆಯುತ್ತಿದ್ದರು.

“ಏನ್ ಕಣ್ಣು, ಅಚ್ಚಾಗಿರೋ ಪುಸ್ತಕಕ್ಕೆ ಗೀಟು ಆಕ್ತಿದ್ದೀಯ?”

“ಉತ್ರ ತಪ್ಪು ಅಚ್ಚಾಗೈತೆ ಮಾಮ. ಸರಿ ಮಾಡ್ತಿದ್ದೀನಿ.”

“ಎಷ್ಟು ತಪ್ಪು?”

ಎಣಿಸಿದೆ. “ಅದಿನಾಲ್ಕು.”

ಮಾಮ ನಗಲಿಲ್ಲ. ಉಗುರು ಒರೆಸುವುದನ್ನು ನಿಲ್ಲಿಸಿದರು. “ಅದಿನಾಲ್ಕೂ ಅವ್ರೇ ತಪ್ಪು ಮಾಡಿದ್ರಾ? ಪಾಪ. ಒಂದು ಓದು, ಕೇಳೋಣ.”

ಓದಿದೆ. ಅವರಿಗೆ ಓದಲು ಬಾರದ್ದರಿಂದ ನಾನು ಗಟ್ಟಿಯಾಗಿ ಓದಲೇಬೇಕಾಯಿತು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರು. ಎಂಬತ್ತನೇ ಲೆವೆಲ್ಲು ಹತ್ತನೇ ಲೆವೆಲ್ಲಿಗಿಂತ ದೊಡ್ಡದಲ್ಲವಾ, ಅದಕ್ಕೆ ಎಂದೆ.

“ಕೆಳಗೆ ಇರೋರಿಗೆ ಅದು ದೊಡ್ಡದು ಕಣ್ಣು” ಅಂದರು ಮಾಮ. “ ನಾನು ಎಂಜಿನ್ ಅತ್ರ ಕೂತಿರೋನು. ನಂಗೆ ಮೇಲೆ ಬರೋದೇ ದೊಡ್ಡದು. ಮೂರನೇ ಲೆವೆಲಲ್ಲಿ ಒಬ್ಬ ಅವ್ನೆ, ಎಂಟರಲ್ಲಿ ಒಬ್ಬ ಅವ್ನೆ. ಸೂರ್ಯನಿಗೆ ಅತ್ರ ಯಾರು?”

“ಮೂರರವ್ನು.”

“ಅವ್ನೇ ದೊಡ್ಡೋನು. ಪುಸ್ತಕ ಬರ್ದೋನು ಗಣಿ ಒಳಗೆ ಇಳಿದೋನಲ್ಲ, ಮೇಲೆ ನಿಂತು ಬರ್ದವ್ನೆ.”

ಒಳಗೆ ಮಲಗಿದ್ದ ಅಮ್ಮನೂ ಕೇಳಿಸಿಕೊಳ್ಳುತ್ತಿದ್ದಳು. ನಾನು ಹದಿನಾಲ್ಕು ಗೀಟುಗಳನ್ನೂ ಒಂದೊಂದಾಗಿ ಅಳಿಸುವುದನ್ನು ಮಾಮ ಕಾದು ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಅಮ್ಮನಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಹುಡುಗಿ ಚೆನ್ನಾಗಿ ಓದುತ್ತಾಳೆ, ಓದಿಕೊಳ್ಳಲಿ. ಆದರೆ ಎಂಜಿನ್ ನಡೆಸುವುದನ್ನು ಪುಸ್ತಕ ನೋಡಿ ಯಾರೂ ಕಲಿಯುವುದಿಲ್ಲ. ಹಳೆಯ ಡ್ರೈವರು ನಡೆಸುತ್ತಾನೆ, ಹೊಸಬ ನೋಡುತ್ತಾನೆ. ಆಮೇಲೆ ಇಬ್ಬರ ಕೈಯೂ ಹಿಡಿಯ ಮೇಲೆ. ಕೊನೆಗೆ ಹೊಸಬನೇ ನಡೆಸುತ್ತಾನೆ, ಹಳಬ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಾನೆ. “ಕೈ ತಪ್ಪಿದ್ರೆ ಯೋಳಕ್ಕೆ ಒಬ್ರು ಬೇಕು ತಾಯಿ. ದಿನಾ ಅರ್ಧ ಗಂಟೆ. ಬಾಕಿ ಎಲ್ಲಾ ಅವ್ಳೇ ಓದ್ಕೊಳ್ಲಿ.”

“ಅವ್ರಿಗೆ ಗೊತ್ತಾದ್ರೆ ನೊಂದ್ಕೊತಾರೆ ಅಣ್ಣ” ಅಂದಳು ಅಮ್ಮ. ಬೇಡ ಅನ್ನಲಿಲ್ಲ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಅನ್ನ ಬೇಯುವ ಹೊತ್ತಿಗೆ ನಾನೇ ಓದಿ ಮಾಡುತ್ತಿದ್ದೆ, ಮೊದಲಿನಂತೆಯೇ. ಮಾಮನ ಪಾಳಿ ಹೊಂದಿದ ದಿನ ಸಂಜೆ ಜಗುಲಿಯಲ್ಲಿ ಅರ್ಧ ಗಂಟೆ. ಒಂದು ಲೆಕ್ಕ ಅವರು ಬಾಯಲ್ಲಿ ಹೇಳಿಕೊಂಡು ಮಾಡುತ್ತಿದ್ದರು, ಒಂದು ಇಬ್ಬರೂ ಸೇರಿ, ಒಂದು ನಾನೊಬ್ಬಳೇ. ಋಣ ಸಂಖ್ಯೆಯನ್ನು ಕಳೆದರೆ ಕೂಡಿದ ಹಾಗೆ ಯಾಕಾಗುತ್ತದೆ ಎಂಬುದು ನನ್ನ ತಲೆಗೆ ಹತ್ತದೇ ಹೋದಾಗ ಜಗುಲಿಯ ತೊಲೆಗೆ ಬಟ್ಟೆ ಒಣಹಾಕುವ ಹಗ್ಗ ಎಸೆದು, ಎರಡು ತುದಿಗೂ ತಗಡಿನ ಡಬ್ಬ ಕಟ್ಟಿದರು. ಆ ಕಡೆಯ ಡಬ್ಬಕ್ಕೆ ಐದು ಕಲ್ಲು, ನನ್ನ ಕಡೆಯದಕ್ಕೆ ನಾಲ್ಕು ಹಾಕಿಸಿದರು. ನನ್ನ ಕಡೆಯ ಡಬ್ಬಕ್ಕೆ ಇನ್ನೆರಡು ಕಲ್ಲು ಹಾಕಿದಾಗ ಅದು ಕೆಳಗಿಳಿಯಿತು.

“ಈಗ ಕೆಳಗೆ ಎಳೆಯೋ ಆ ಎಲ್ಡನ್ನ ತೆಗಿ.”

ತೆಗೆದೆ. ಡಬ್ಬ ಮೇಲೆ ಬಂತು.

“ಏನ್ ಮಾಡ್ದೆ?”

“ತೆಗ್ದೆ.”

“ಡಬ್ಬ ಎಲ್ಲಿ ಓಯ್ತು?”

“ಮೇಲಕ್ಕೆ.”

“ಅಷ್ಟೇ ಕಣ್ಣು. ಇದ್ರಾಗೆ ಮಂತ್ರ ಗಿಂತ್ರ ಇಲ್ಲ.”

ಸರಿಯಾಗಿ ಆ ಹೊತ್ತಿಗೆ ಅಪ್ಪ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ನಾನು ಕೈಯಲ್ಲಿದ್ದ ಎರಡು ಕಲ್ಲುಗಳನ್ನು ಲಂಗದ ಅಡಿ ಮುಚ್ಚಿಟ್ಟೆ. ಒಳಗೆ ಅಮ್ಮ ಎದ್ದು ಕೂತದ್ದು ಮಂಚದ ಸದ್ದಿನಲ್ಲಿ ಗೊತ್ತಾಯಿತು. ಅಪ್ಪ ಮೆಟ್ಟಿಲ ಹತ್ತಿರ ನಿಂತು ಹಗ್ಗ ನೋಡಿದ, ಡಬ್ಬ ನೋಡಿದ, ಮಾಮನ ಮುಂದೆ ತೆರೆದಿದ್ದ ಪುಸ್ತಕ ನೋಡಿದ.

“ಏನಣ್ಣ ನಡೀತೈತೆ? ನಮ್ಮುಡ್ಗಿಗೆ ಪಾಠವಾ?”

ಮಾಮ ಒಂದು ಗಳಿಗೆಯೂ ತಡವರಿಸಲಿಲ್ಲ. “ಐಯೋ ನಾನ್ ಏನ್ ಪಾಠ ಯೋಳ್ಲಿ ಪಾ. ನಾನೇ ಕಲಿಯಕ್ಕೆ ಬಂದೆ. ಇಷ್ಟು ವರ್ಷ ಈ ಊರಲ್ಲಿ ಅನ್ನ ತಿಂದೆ, ಕನ್ನಡ ಅಕ್ಷರ ಗೊತ್ತಿಲ್ಲ. ನಿನ್ ಮಗಳು ಓದ್ತಾಳೆ, ನಾನು ಕೇಳ್ತೀನಿ. ಕೂಲಿಗೆ ಈ ಉಯ್ಯಾಲೆ ಕಟ್ಕೊಟ್ಟೆ, ಮಗೂಗೆ.”

ಅಪ್ಪನ ಮುಖ ಅರಳಿದ್ದನ್ನು ಹೇಗೆ ಹೇಳಲಿ. ತಾನು ಯಾರ ನೆರವೂ ಇಲ್ಲದೆ ಗಳಿಸಿದ ಅಕ್ಷರ ಮಗಳಿಗೆ ಬಂದು, ಅವಳಿಂದ ದೊಡ್ಡ ಎಂಜಿನ್ ಡ್ರೈವರಿಗೆ ಹೋಗುತ್ತಿದೆ. “ಕಲ್ತ್ಕೊ ಅಣ್ಣ, ಕಲ್ತ್ಕೊ. ವಯಸ್ಸಾದೋರಿಗೆ ನಿಧಾನ ಆಯ್ತದೆ, ನೀನು ಸಿಡುಕಬ್ಯಾಡಮ್ಮಿ” ಎಂದು ನನಗೆ ಬುದ್ಧಿ ಹೇಳಿ ಒಳಗೆ ಹೋದ. ಮಾಮ ನನ್ನ ಕಡೆ ನೋಡಿ, ತುಂಬ ವಿನಯದಿಂದ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು “ಅ” ಅಂದರು. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದಳಂತೆ.

ಪರೀಕ್ಷೆಯವರೆಗೂ ಹಾಗೇ ನಡೆಯಿತು. ಅಪ್ಪ ಮನೆಯಲ್ಲಿದ್ದ ದಿನ ನಾನು ಲೆಕ್ಕವನ್ನು ಪಾಠದ ರಾಗದಲ್ಲಿ ಓದುತ್ತಿದ್ದೆ, ಮಾಮ ಅದನ್ನು ದಡ್ಡ ಶಿಷ್ಯನ ಹಾಗೆ ಮತ್ತೆ ಮತ್ತೆ ಕೇಳಿ, ನಾನು ತಪ್ಪಿದ ಕಡೆ ಸರಿಯಾಗಿ ನಿಲ್ಲಿಸುತ್ತಿದ್ದರು. “ಆ ಅಕ್ಷರ ಇನ್ನೊಂದು ಸಲ ನೋಡು ಟೀಚರಮ್ಮ” ಅಂದರೆ ನನ್ನ ಲೆಕ್ಕ ತಪ್ಪಿದೆ ಎಂದು ಅರ್ಥ.

ಪಾಸಾದೆ. ಎಷ್ಟು ಅಂಕ ಬಂದಿತ್ತೋ... ಮರೆತಿದ್ದೇನೆ. ಅಪ್ಪ ಒಂದು ಸೇರು ಬೂಂದಿ ತಂದು ಲೈನಿನ ಮನೆಮನೆಗೂ ಹಂಚಿದ. “ಒಬ್ರೂ ಯೋಳ್ಕೊಟ್ಟಿಲ್ಲ ಕಣ್ರಪ್ಪ. ಎಲ್ಲಾ ತಾನೇ ಓದ್ಕೊಂಡ್ಳು” ಎಂದು ಪ್ರತಿ ಬಾಗಿಲಲ್ಲೂ ನಿಂತು ಹೇಳಿದ. ಎದುರು ಬಾಗಿಲಿಗೂ ಹೋದ. ಬೂಂದಿಯ ತಟ್ಟೆ ಹಿಡಿದು ನಾನು ಅಪ್ಪನ ಹಿಂದೆ ಇದ್ದೆ. ಮಾಮ ನನ್ನ ತಲೆ ಸವರಿದರು.

“ಔದು ಪಾ. ನಾನೇ ನೋಡಿದ್ದೀನಲ್ಲ, ಎಲ್ಲಾ ಅವ್ಳೇ ಓದ್ಕೊಂಡ್ಳು. ನಂಗೆ ಯೋಳ್ಕೊಟ್ಟಿದ್ದೇ ಸ್ವಲ್ಪ ವೇಸ್ಟಾಯ್ತು.”

ಅಪ್ಪ ಗಟ್ಟಿಯಾಗಿ ನಕ್ಕ. ನಾನು ತಟ್ಟೆ ನೋಡುತ್ತ ನಿಂತೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಾಮನ ಸರ್ವಿಸು ಮುಗಿಯಿತು. ಬಂಗಾರಪೇಟೆಯವರೆಗೂ ಲೋಕಲ್ ರೈಲಿನಲ್ಲಿ ಹೋಗಿ ಅಪ್ಪ, ನಾನು ಅವರನ್ನು ದೊಡ್ಡ ರೈಲಿಗೆ ಹತ್ತಿಸಿದೆವು. ಟ್ರಂಕು ಅಪ್ಪನೇ ಹೊತ್ತ. ಕಿಟಕಿಯ ಸರಳು ಹಿಡಿದು ನಿಂತಾಗ, ಲೆಕ್ಕ ಹೇಳಿಕೊಟ್ಟವರು ನೀವೇ ಎಂದು ಒಂದು ಮಾತು ಹೇಳಬೇಕೆಂದಿದ್ದೆ. ಪಕ್ಕದಲ್ಲಿ ಅಪ್ಪ ಇದ್ದ. ರೈಲು ಹೊರಟಿತು... ಆಮೇಲೆ ಒಂದೆರಡು ಕಾಗದ ಬಂದವು, ಯಾರಿಂದಲೋ ಬರೆಸಿದವು. ಅಪ್ಪನೇ ಓದಿ ಹೇಳಿದ. ಕೊನೆಗೆ ಅವೂ ನಿಂತವು. ಮಾಮ ಈಗ ಇರಲಾರರು, ಇದ್ದಿದ್ದರೆ ನೂರರ ಹತ್ತಿರ. ಅಪ್ಪ ಹೋಗಿ ಹದಿನೆಂಟು ವರ್ಷವಾಯಿತು. ಎಲ್ಲ ತಾನೇ ಓದಿಕೊಂಡ ಮಗಳ ತಂದೆಯಾಗಿಯೇ ಹೋದ.

ಮೊನ್ನೆ ನಮ್ಮ ಹಾಲಿನ ಸೊಸೈಟಿಯಲ್ಲಿ ನನಗೊಂದು ಶಾಲು ಹೊದಿಸಿದರು. ಇಪ್ಪತ್ತಾರು ವರ್ಷ ಅಲ್ಲಿ ಕಾರ್ಯದರ್ಶಿಯಾಗಿದ್ದೆನಲ್ಲ, ಅದಕ್ಕೆ. ಭಾಷಣ ಮಾಡಿದ ಹುಡುಗ ನನ್ನನ್ನು ಪರಿಚಯಿಸುತ್ತ, “ಗುರುವಿಲ್ಲದೆ ಮನೆಯಲ್ಲೇ ಗಣಿತ ಕಲಿತ ಮಹಿಳೆ” ಅಂದ. ಚಪ್ಪಾಳೆ ಬಿತ್ತು. ಎರಡು ಮಾತಾಡಿ ಎಂದರು. ಎಲ್ಲರಿಗೂ ವಂದನೆ ಹೇಳಿ, ಮಾಮನ ಮಾತೆತ್ತದೆ ಕೂತುಬಿಟ್ಟೆ.

ಬೂಂದಿ ಹಂಚಿದ ದಿನ ನನಗೆ ಹನ್ನೆರಡು ವರ್ಷ, ಅಪ್ಪನ ಮುಖ ಎದುರಿಗಿತ್ತು, ಬಾಯಿ ಬರಲಿಲ್ಲ ಅನ್ನಬಹುದು. ಮೊನ್ನೆ ಅಪ್ಪ ಇರಲಿಲ್ಲ. ಮೈಕು ನನ್ನ ಕೈಯಲ್ಲೇ ಇತ್ತು.