ಸೌದೆ ತೂಕ

ನನ್ನ ಅಣ್ಣನನ್ನು ಸೌದೆ ಡಿಪೋದ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಿದ್ದರು. ಇಷ್ಟು ನಿಜ. ಇದರಾಚೆಗೆ ನಾನು ಹೇಳುವುದರಲ್ಲಿ ಎಷ್ಟು ಕಣ್ಣಾರೆ ಕಂಡದ್ದು, ಎಷ್ಟು ಆಮೇಲೆ ಕೂಡಿಸಿಕೊಂಡದ್ದು ಎಂದು ಯಾರಾದರೂ ಕೇಳಿದರೆ ತಡವರಿಸಬೇಕಾಗುತ್ತದೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾವು ರಾಜಾಜಿನಗರದಲ್ಲಿ ಒಂದು ವಠಾರದ ಕೊನೆಯ ಮನೆಯಲ್ಲಿದ್ದೆವು. ಅಪ್ಪ ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದು ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದರು. ಅಣ್ಣ ಇಂಡಸ್ಟ್ರಿಯಲ್ ಎಸ್ಟೇಟಿನ ಆಚೆಗಿದ್ದ ಒಂದು ಕಾರ್ಖಾನೆಯಲ್ಲಿ ಟೆಂಪರರಿ. ನಾನು ಎಂ.ಎ. ಓದುತ್ತಾ ಕೆಂಗೇರಿ ಕಡೆಯ ಹೊಸ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆ ನಡೆಯುತ್ತಿದ್ದದ್ದು ಅಣ್ಣನಿಂದ. ಕೆಲವು ತಿಂಗಳಿಗೊಮ್ಮೆ ಅವನನ್ನು ಕೆಲಸದಿಂದ ಬಿಡಿಸಿ, ಒಂದಷ್ಟು ದಿನ ಮನೆಯಲ್ಲಿ ಕೂರಿಸಿ, ಮತ್ತೆ ಕರೆಯುತ್ತಿದ್ದರು. ಆ ದಿನಗಳಲ್ಲಿ ಅವ್ವ ಬಾಗಿಲ ಕಡೆಗೇ ಕಿವಿಯಿಟ್ಟುಕೊಂಡು ಅಡುಗೆ ಮಾಡುತ್ತಿದ್ದಳು.

ಅಣ್ಣ ಬಾಕ್ಸಿಂಗ್ ಕಲಿತದ್ದು ಹೊಡೆದಾಟದ ಹುಚ್ಚಿಗಲ್ಲ. ಕಾರ್ಖಾನೆಗೆ ಒಂದು ತಂಡವಿತ್ತು. ತಂಡದಲ್ಲಿ ಗೆದ್ದವರನ್ನು ಪರ್ಮನೆಂಟ್ ಮಾಡುತ್ತಾರೆಂಬ ಮಾತಿತ್ತು. ಆ ವರ್ಷ ಕಾರ್ಖಾನೆಗಳ ನಡುವಿನ ಪಂದ್ಯಕ್ಕೆ ಮೊದಲು ತಂಡ ನೋಡಿಕೊಳ್ಳುತ್ತಿದ್ದ ಆಫೀಸರು ಬಾಯಿಬಿಟ್ಟೇ ಹೇಳಿದ್ದರಂತೆ, ಪದಕ ತಂದರೆ ಮುಂದಿನ ತಿಂಗಳೇ ಆರ್ಡರ್ ಎಂದು. ಆದರೆ ಅಣ್ಣನ ತೂಕದವರ ಜಾಗದಲ್ಲಿ ಆಗಲೇ ಒಬ್ಬ ಪರ್ಮನೆಂಟ್ ಕೆಲಸಗಾರನಿದ್ದ. ಖಾಲಿಯಿದ್ದದ್ದು ಅದಕ್ಕಿಂತ ಕೆಳಗಿನ ಜಾಗ, ಐವತ್ತೇಳು ಕಿಲೋದ್ದು. ಅಣ್ಣ ಅರವತ್ತರ ಆಸುಪಾಸಿನಲ್ಲಿದ್ದ. ಇಳಿಯಬೇಕಿತ್ತು.

ತಂಡದ ಮಾಸ್ಟರು ಸೈನ್ಯದಿಂದ ನಿವೃತ್ತರಾಗಿ ಬಂದವರು, ತಮಿಳು ಮನೆಮಾತಿನವರು. ಅವರ ಪ್ರಕಾರ ಇದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ತೂಕ ಕೊಡುವುದು, ಸಾಯಂಕಾಲ ಆಡುವುದು. ಬೆಳಿಗ್ಗೆ ಕೊಟ್ಟದ್ದನ್ನು ಸಾಯಂಕಾಲದೊಳಗೆ ಹಾಲು, ಬಾಳೆಹಣ್ಣು, ಗ್ಲೂಕೋಸು ಅಂತ ವಾಪಸ್ ತೆಗೆದುಕೊಂಡುಬಿಡಬೇಕು. ತೂಕದವರ ಕಣ್ಣಿಗೆ ಐವತ್ತೇಳು, ಎದುರಾಳಿಯ ಮೂತಿಗೆ ಅರವತ್ತು ಎಂದು ಅವರು ನಗುತ್ತಿದ್ದರಂತೆ.

ತಯಾರಿಗೆಂದು ಅಣ್ಣ ಸಂಬಳವಿಲ್ಲದ ರಜೆ ಹಾಕಿದ. ರಜೆಯ ಮೇಲಿದ್ದ ಟೆಂಪರರಿಯನ್ನು ಗೇಟಿನೊಳಗೆ ಬಿಡುವುದಿಲ್ಲ. ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿದ್ದ ತೂಕದ ಯಂತ್ರ ಹಾಗಾಗಿ ಕೈತಪ್ಪಿತು. ಅದಕ್ಕೇ ಸೌದೆ ಡಿಪೋ.

ಮರದ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ ಅದು. ಸರಪಳಿಗೆ ಕಟ್ಟಿದ ಹಲಗೆಯ ಮೇಲೆ ಸೌದೆ ಪೇರಿಸುವ ಜಾಗದಲ್ಲಿ ಅಣ್ಣ ಮಂಡಿ ಮಡಚಿ ಕೂರುತ್ತಿದ್ದ. ಡಿಪೋದವನು ಇನ್ನೊಂದು ಕಡೆಗೆ ಕಬ್ಬಿಣದ ತೂಕದ ಕಲ್ಲುಗಳನ್ನು ಇಡುತ್ತಿದ್ದ. ಮೊದಲ ದಿನ ಅರವತ್ತೆರಡು ತೋರಿಸಿತು. ಕೆಲವೇ ದಿನಗಳ ಹಿಂದೆ ಡಿಸ್ಪೆನ್ಸರಿಯಲ್ಲಿ ಅರವತ್ತಿದ್ದವನು! ಅವ್ವನ ಕೈಯಡುಗೆ ತಿಂದು ಏರಿಸಿಕೊಂಡಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದೆವು. ಅವ್ವನೂ ಅಪರಾಧಿಯ ಮುಖ ಮಾಡಿಕೊಂಡು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

ಡಿಪೋದವನಿಗೆ ಇದು ದಿನದ ಮೋಜು. ಅಣ್ಣ ಹಲಗೆ ಹತ್ತುತ್ತಿದ್ದಂತೆ ಮುಳ್ಳು ನೋಡಿ, "ಇನ್ನೂ ಹಸಿ ಐತೆ ಗುರು, ಒಣಗ್ಬೇಕು" ಎನ್ನುತ್ತಿದ್ದ.

ಅಣ್ಣ ಒಣಗಿದ. ನಸುಕಿನಲ್ಲಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಮಾಗಡಿ ರೋಡಿನಲ್ಲಿ ಸುಂಕದಕಟ್ಟೆಯವರೆಗೆ ಓಡಿ ಬರುತ್ತಿದ್ದ. ಬಂದವನು ಬಚ್ಚಲಿನಲ್ಲಿ ಹಂಡೆಯ ಒಲೆಗೆ ಉರಿ ಹಾಕಿ, ಬಾಗಿಲು ಮುಚ್ಚಿ, ಕಂಬಳಿ ಹೊದ್ದು ಕೂರುತ್ತಿದ್ದ. ಕೊನೆಯ ದಿನಗಳಲ್ಲಿ ಬಾಯಿಗೆ ಹುಣಸೆಹಣ್ಣು ಹಾಕಿಕೊಂಡು ಎಂಜಲನ್ನು ಡಬ್ಬಕ್ಕೆ ಉಗಿಯುತ್ತಿದ್ದ. ನೀರನ್ನು ಚಮಚದಲ್ಲಿ ಕುಡಿಯುತ್ತಿದ್ದ. ಬಚ್ಚಲ ಉರಿಗೆ ಸೌದೆ ಸುರಿದಷ್ಟೂ ಸಾಲದು. ಅವ್ವ ಆಗಾಗ ಗೊಣಗುತ್ತಿದ್ದಳು: "ಒಂದು ಮಣ ಅಂತ ತಂದಿದ್ದು ನಾಕು ದಿನಕ್ಕ ಮುಗಿತೈತಿ. ತೂಕದಾಗ ಹೊಡಿತಾನ ಆ ಡಿಪೋದಾವ."

ಈ ಮಾತು ನಮ್ಮ ಕಿವಿಗೆ ಹೊಸದಲ್ಲ. ವಠಾರದ ಎಲ್ಲ ಹೆಂಗಸರೂ ಹೇಳುತ್ತಿದ್ದದ್ದೇ. ಪ್ರತಿ ಮಾತಿಗೂ ಆಧಾರ ಕೇಳುತ್ತಿದ್ದ ನಾನು ಅದನ್ನು ದಿನಾ ಕೇಳಿಸಿಕೊಂಡು, ಅದೇ ಡಿಪೋಗೆ ಅಣ್ಣನ ಜೊತೆ ಹೋಗಿ ಮುಳ್ಳು ನೋಡುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನಾವು ಲಿಂಗ ಕಟ್ಟುವವರು. ಅಣ್ಣನ ಎದೆಯ ಮೇಲೆ ಅಪ್ಪನ ಕಾಲದ ದಪ್ಪ ಬೆಳ್ಳಿ ಕರಡಿಗೆಯಲ್ಲಿ ಅವನ ಲಿಂಗವಿರುತ್ತಿತ್ತು. ಅದು ಮೈಯಿಂದ ಇಳಿಯಬಾರದು. ಬಾಕ್ಸಿಂಗಿಗೆ ಸೇರಿದಾಗ ಅವ್ವ ಅವನೊಡನೆ ಒಂದು ಒಪ್ಪಂದಕ್ಕೆ ಬಂದಿದ್ದಳು. ತೆಗೆಯಲೇಬೇಕಾದರೆ ಮನೆಯ ದೇವರ ಜಗಲಿಯ ಮೇಲೆ ಇಟ್ಟು ಹೋಗಬೇಕು, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ಜೇಬಿಗೆ ಹಾಕುವಂತಿಲ್ಲ. ಮರಳಿ ಬಂದು ಕೊರಳಿಗೆ ಹಾಕಿಕೊಳ್ಳುವವರೆಗೆ ತುತ್ತು ಮುಟ್ಟಬಾರದು, ನೀರೂ ಮುಟ್ಟಬಾರದು. ಅಲ್ಲಿಯವರೆಗಿನ ಸಣ್ಣಪುಟ್ಟ ಪಂದ್ಯಗಳೆಲ್ಲ ಹತ್ತಿರದಲ್ಲೇ, ಸಾಯಂಕಾಲ ಒಂದೆರಡು ಗಂಟೆಯ ಮಾತು. ಒಪ್ಪಂದದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ಸಲ ಬೆಳಿಗ್ಗೆ ಬರೀ ತೂಕ. ಲಿಂಗ ಮೈಮೇಲಿಟ್ಟುಕೊಂಡೇ ಹೋಗಿ, ಅಲ್ಲೇ ಹಾಲು ಕುಡಿದು, ಮಧ್ಯಾಹ್ನ ಮನೆಗೆ ಬಂದು, ಸಾಯಂಕಾಲ ಆಡಲು ಹೋಗುವಾಗ ತೆಗೆದಿಟ್ಟರೆ ಸಾಕಿತ್ತು.

ಹಿಂದಿನ ದಿನ ಐವತ್ತೇಳು ಕಿಲೋ ಕಲ್ಲು ಇಟ್ಟಾಗ ಡಿಪೋದ ಮುಳ್ಳು ನಡುವಿಗೆ ಬರದೆ, ಅಣ್ಣನ ಕಡೆಗೆ ಒಂದು ಕೂದಲೆಳೆ ವಾಲಿ ನಿಂತಿತು. ಅಣ್ಣ ಚಡ್ಡಿ ಬಿಟ್ಟು ಬಾಕಿಯೆಲ್ಲ ತೆಗೆದಿದ್ದ. ಡಿಪೋದವನು ತಕ್ಕಡಿ ಸುತ್ತ ಒಂದು ಸುತ್ತು ಬಂದು, ಅಣ್ಣನ ಎದೆಯ ಕಡೆ ಕಣ್ಣು ಹಾಯಿಸಿ, ತುಸು ಸಂಕೋಚದಿಂದಲೇ ಹೇಳಿದ: "ಸ್ವಾಮಿದು ಭಾರ ಐತಲ್ಲ ಗುರು. ನಾಳೆ ಒಂದಿನ ಮನೇಲಿಟ್ಟು ಹೋಗು, ಸರಿಹೋಗುತ್ತೆ."

ಮರುದಿನ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲಿಟ್ಟ. ಅವ್ವ ಬಾಗಿಲವರೆಗೆ ಬಂದಳು. "ಲಗೂ ಬಾ ತಮ್ಮಾ. ನೀ ಬರೋ ತನಕ ನಾನೂ ನೀರು ಕುಡಿಯಲ್ಲ" ಎಂದಳು.

ಇನ್ನು ಮುಂದಿನದನ್ನು ನಾನು ಬಹಳ ವರ್ಷ ಹೀಗೆ ಕಂಡಿದ್ದೇನೆ. ಕಂಟೋನ್ಮೆಂಟ್ ಕಡೆಯ ಒಂದು ಹಳೆಯ ಸಭಾಂಗಣ. ಸಾಲಾಗಿ ನಿಂತ ಹುಡುಗರು, ಎಲ್ಲರ ಪಕ್ಕೆಲುಬೂ ಎಣಿಸುವಂತೆ. ಅಣ್ಣ ಯಂತ್ರದ ಮೇಲೆ ನಿಂತ. ಅಧಿಕಾರಿ ಕಡ್ಡಿಯ ಮೇಲಿನ ಗುಂಡು ಸರಿಸಿ, ಮತ್ತೆ ಸರಿಸಿ, ಐವತ್ತೈದು ಎಂದರು. ಮಾಸ್ಟರು ನಂಬದೆ ಇನ್ನೊಮ್ಮೆ ಹತ್ತಿಸಿದರು. ಐವತ್ತೈದೇ. ಪೂರಾ ಎರಡು ಕಿಲೋವನ್ನು ಅಣ್ಣ ಬಚ್ಚಲ ಉರಿಗೆ ದಂಡವಾಗಿ ಸುರಿದಿದ್ದ. ಕರಡಿಗೆ ಹಾಕಿಕೊಂಡು, ಸ್ವೆಟರ್ ಹಾಕಿಕೊಂಡು, ಬೇಕಾದರೆ ಒಂದು ಮಸಾಲೆದೋಸೆ ತಿಂದುಕೊಂಡು ಬಂದು ನಿಂತಿದ್ದರೂ ನಡೆಯುತ್ತಿತ್ತು.

ತೂಕ ಮುಗಿಸಿದವರೆಲ್ಲ ಸಭಾಂಗಣದ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು ಎಂದು ಮೇಯುತ್ತಿದ್ದರು. ಮಾಸ್ಟರು ಫ್ಲಾಸ್ಕಿನ ಮುಚ್ಚಳದಲ್ಲಿ ಬಾದಾಮಿ ಹಾಲು ಸುರಿದು ಅಣ್ಣನ ಮೂಗಿನ ಹತ್ತಿರ ಹಿಡಿದರು. ಅಣ್ಣ ಮುಖ ತಿರುಗಿಸಿದ. ಕಾರಣ ತಿಳಿದ ಮೇಲೆ ಅವರು ಬೈಯಲಿಲ್ಲ. ಅದೇ ನೋಡುವುದಕ್ಕೆ ಕಷ್ಟವಾಗಿದ್ದದ್ದು.

"ಕುಡಿ ಕಣ್ಣಾ. ಸಾಮಿ ಏನೂ ಅಂದ್ಕೊಳಲ್ಲ."

"ಸ್ವಾಮಿ ಅಂದ್ಕೊಳಲ್ಲ ಮಾಸ್ಟ್ರೇ, ನಮ್ಮವ್ವ ನೀರು ಕುಡೀದೆ ಕೂತಿರ್ತಾಳೆ."

ಆಮೇಲೆ ಬಸ್ಸು. ಮೆಜೆಸ್ಟಿಕ್ಕಿನಲ್ಲಿ ಇಳಿದು ರಾಜಾಜಿನಗರದ ಬಸ್ಸಿಗೆ ಕಾದದ್ದು, ಹತ್ತಿದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತದ್ದು, ಬಿಸಿಲಿನಲ್ಲಿ ನಡೆದದ್ದು. ಅಣ್ಣನ ತುಟಿಯಲ್ಲಿ ಬಿಳಿ ಪೊರೆ ಎದ್ದಿತ್ತು. ನಾನು ಪಕ್ಕದಲ್ಲಿ ಫ್ಲಾಸ್ಕು ಹಿಡಿದುಕೊಂಡಿದ್ದೆ. ಮುಚ್ಚಳ ಸಡಿಲವಾಗಿ ನನ್ನ ಬೆರಳಿಗೆ ಹಾಲು ಅಂಟಿತ್ತು. ಆ ಅಂಟು ಈಗಲೂ ನನ್ನ ಬೆರಳಿನಲ್ಲಿದೆ.

ಮನೆ ಸೇರಿದಾಗ ಹೊತ್ತು ವಾಲಿತ್ತು. ಅಣ್ಣ ಕೈಕಾಲು ತೊಳೆದು, ಕರಡಿಗೆ ಕೊರಳಿಗೆ ಹಾಕಿಕೊಂಡು, ಚೊಂಬಿಗೆ ಚೊಂಬು ನೀರು ಕುಡಿದ. ವಾರಗಟ್ಟಲೆ ಅವನಿಗೆ ಬಡಿಸದೆ ಕೊರಗಿದ್ದ ಅವ್ವ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಎಲ್ಲವನ್ನೂ ಒಟ್ಟಿಗೆ ಹಾಕಿದಳು. ಸ್ವಲ್ಪಸ್ವಲ್ಪವಾಗಿ, ಇಡೀ ಹಗಲು, ಎಂದು ಮಾಸ್ಟರು ಹೇಳಿದ್ದದ್ದು ಒಂದೇ ಸಲಕ್ಕೆ ಮುಗಿಯಿತು. ಸಂಜೆ ಕರಡಿಗೆಯನ್ನು ಮತ್ತೆ ಜಗಲಿಗಿಟ್ಟು ಹೊರಟಾಗ ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದ.

ಮೊದಲ ರೌಂಡಿನಲ್ಲಿ ಅವನೇ ಮುಂದಿದ್ದ. ಎರಡನೆಯದರಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಂತಾಯಿತು. ಬರುತ್ತಿದ್ದ ಗುದ್ದು ಅವನಿಗೆ ಕಾಣುತ್ತಿತ್ತು, ಕಂಡರೂ ತಲೆ ಅಲ್ಲೇ ಇರುತ್ತಿತ್ತು. ಆಫೀಸರು ಮೂರನೆಯ ರೌಂಡು ಮುಗಿಯುವ ಮೊದಲೇ ಎದ್ದು ಹೋದರು.

ಕೆಲವು ದಿನ ಕಳೆದ ಮೇಲೆ ಪಕ್ಕದ ಮನೆ ಕಟ್ಟಿಸುತ್ತಿದ್ದವರಿಂದ ಹೊಲಿಗೆ ಬಿಚ್ಚದ ಒಂದು ಸಿಮೆಂಟು ಮೂಟೆಯನ್ನು ಕೇಳಿ ಪಡೆದು, ಕೈಗಾಡಿಯಲ್ಲಿ ಹೇರಿಕೊಂಡು ನಾನೊಬ್ಬನೇ ಡಿಪೋಗೆ ಹೋದೆ. ಮೂಟೆಯ ಮೇಲೆ ಐವತ್ತು ಕಿಲೋ ಎಂದು ಅಚ್ಚಾಗಿತ್ತು. ಹತ್ತಿರಹತ್ತಿರ ಐವತ್ತೆರಡು ಕಿಲೋ ಕಲ್ಲು ಇಟ್ಟ ಮೇಲೆ ಮುಳ್ಳು ನೆಟ್ಟಗೆ ನಿಂತಿತು. ಕಲ್ಲುಗಳನ್ನು ಮಗುಚಿ ನೋಡಿದೆ, ಹೊಟ್ಟೆ ಕೊರೆದು ಹಗುರ ಮಾಡಿದ್ದರು. ಡಿಪೋದವನು ಮೂಟೆಯನ್ನು ನೋಡಿದ, ನನ್ನನ್ನು ನೋಡಿದ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ಇದು ಸೌದೆ ತೂಕ ಸಾರ್" ಎಂದ. "ಮನುಷ್ಯರನ್ನ ತೂಗೋಕೆ ಇಟ್ಟಿರೋದಲ್ಲ."

ಅಣ್ಣನನ್ನು ತೂಗಿದ್ದಕ್ಕೆ ಅವನು ಯಾವತ್ತೂ ನಮ್ಮಿಂದ ಏನೂ ತೆಗೆದುಕೊಂಡಿರಲಿಲ್ಲ. ಮೂಟೆಯನ್ನು ಗಾಡಿಗೆ ಏರಿಸಲು ತಾನೇ ಕೈಕೊಟ್ಟ.

ಮುಂದಿನ ಸಲ ಕಾರ್ಖಾನೆಯವರು ಅಣ್ಣನನ್ನು ಬಿಡಿಸಿದವರು ಮತ್ತೆ ಕರೆಯಲಿಲ್ಲ. ಅವನು ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿಗೆ ಸೇರಿಕೊಂಡ. ನಾನು ಎಂ.ಎ. ಮುಗಿಸಿ ಮೇಷ್ಟ್ರಾದೆ. ಆ ದಿನದ ಕಥೆಯನ್ನು ಕ್ಯಾಂಟೀನುಗಳಲ್ಲಿ ಹೇಳತೊಡಗಿದೆ. ದೇವರ ಬಗ್ಗೆ ವಾದ ಎದ್ದಾಗಲೆಲ್ಲ ಅದು ನನ್ನ ಕೈಯಲ್ಲಿದ್ದ ಪುರಾವೆ. ಒಂದು ಗುಟುಕು ನೀರು ಕುಡಿಯದೆ ಒಬ್ಬ ಮನುಷ್ಯ ಬದುಕಿನ ಕೆಲಸ ಕಳೆದುಕೊಂಡ, ನಾನೇ ಪಕ್ಕದಲ್ಲಿದ್ದೆ, ನೋಡಿದ್ದೇನೆ ಎನ್ನುತ್ತಿದ್ದೆ. ಹೇಳಿದಷ್ಟೂ ಅಣ್ಣನ ತುಟಿ ಹೆಚ್ಚುಹೆಚ್ಚು ಒಣಗುತ್ತಿತ್ತು.

ಅವ್ವ ಇದೇ ಕಥೆಯನ್ನು ನೆಂಟರಿಗೆ ಹೇಳುತ್ತಿದ್ದಳು, ಹೆಮ್ಮೆಯಿಂದ.

ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ ಅಣ್ಣನ ಶಾಪಿನಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ಆ ಬಸ್ಸಿನ ಮಾತು ಬಂತು. ಫ್ಲಾಸ್ಕಿನ ಹಾಲು ಕೈಗೆ ಅಂಟಿದ್ದನ್ನು ಹೇಳಿದೆ. ಅಣ್ಣ ನಕ್ಕ.

"ನೀನೆಲ್ಲಿದ್ಯೋ ಬಸ್ಸಲ್ಲಿ? ಅವತ್ತು ನಿಂಗೆ ಪರೀಕ್ಷೆ. ನೀನು ಬಂದಿದ್ದೇ ಸಾಯಂಕಾಲ. ಫ್ಲಾಸ್ಕು ಮಾಸ್ಟ್ರು ವಾಪಸ್ ತಗೊಂಡೋದ್ರು."

ನಾನು ವಾದಿಸಿದೆ. ಅವನು ಆಮೇಲೆ ಲೇತಿನ ಕಡೆ ನೋಡುತ್ತ, "ನೀನು ಜೊತೇಲಿದ್ದಿದ್ರೆ ಕುಡೀತಿರ್ಲಿಲ್ಲವೇನೋ" ಎಂದ.

ಏನನ್ನು ಎಂದು ಕೇಳಿದೆ.

"ನೀರು. ಮೆಜೆಸ್ಟಿಕ್ಕಲ್ಲಿ ನಲ್ಲಿ ಸುಮ್ನೆ ಸುರೀತಿತ್ತು ಕಣೋ. ಎರಡು ಬೊಗಸೆ ಕುಡಿದುಬಿಟ್ಟೆ. ಆಮೇಲೆ ತುಟಿ ಒರೆಸ್ಕೊಂಡು ಮನೆಗ್ ಬಂದ್ರೆ, ಅವ್ವ ನೀರಿಲ್ದೆ ಕೂತವ್ಳೆ. ಎರಡನೇ ರೌಂಡಲ್ಲಿ ಕಾಲು ಹೋಯ್ತಲ್ಲ, ಆಗ್ಲೇ ಗೊತ್ತಾಯ್ತು ನಂಗೆ ಯಾಕೆ ಅಂತ."

ನಾನು ಸಿಮೆಂಟು ಮೂಟೆಯ ವಿಷಯ ಹೇಳಿದೆ. ದಂಡವಾಗಿ ಕಳೆದ ಎರಡು ಕಿಲೋ, ಒಣಗಿದ ರಕ್ತ, ಒಮ್ಮೆಗೇ ತುಂಬಿದ ಹೊಟ್ಟೆ ಎಂದೆಲ್ಲ ವಿವರಿಸಿದೆ. ಎರಡು ಬೊಗಸೆ ನೀರು ಅವನನ್ನು ಸೋಲಿಸಿರಲಾರದು, ಹತ್ತು ಬೊಗಸೆ ಕುಡಿಯಬೇಕಿತ್ತು ಎಂದೆ.

"ಇರ್ಬೋದು" ಎಂದ ಅಣ್ಣ. "ನೀನು ಓದ್ದೋನು." ಲೋಟ ಕೆಳಗಿಟ್ಟು, "ಅವ್ವಂಗೆ ಮಾತ್ರ ಹೇಳ್ಬೇಡ" ಎಂದ.

ಹೇಳಲಿಲ್ಲ. ಆದರೆ ಆ ದಿನದಿಂದ ಕ್ಯಾಂಟೀನಿನಲ್ಲಿ ನನ್ನ ಪುರಾವೆ ಹೋಯಿತು. ಬೆರಳಿನ ಅಂಟು ಎಲ್ಲಿಂದ ಬಂತೆಂದು ಈಗಲೂ ಗೊತ್ತಿಲ್ಲ. ಬಸ್ಸಿನಲ್ಲಿ ಇರದವನು ಸಭಾಂಗಣದಲ್ಲಾದರೂ ಇದ್ದನೋ ಇಲ್ಲವೋ. ಮಾಸ್ಟರು ಮತ್ತು ಅಣ್ಣನ ಮಾತನ್ನು ನಾನು ಕೇಳಿದೆನೋ, ಅಣ್ಣನೇ ಹೇಳಿದ್ದನೋ.

ಅವ್ವನ ಕೊನೆಯ ವರ್ಷಗಳಲ್ಲಿ ಮನೆಗೆ ಯಾರೇ ಬಂದರೂ ಮಾತು ಅಲ್ಲಿಗೇ ಬರುತ್ತಿತ್ತು. "ನೌಕರಿ ಹೋತು, ಹೋಗ್ಲಿ. ಲಿಂಗ ಕೊಳ್ಳಾಗ ಬೀಳೋ ತನಕ ಹನಿ ನೀರು ಮುಟ್ಟಲಿಲ್ಲ ನನ್ನ ಮಗ" ಎನ್ನುತ್ತಿದ್ದಳು. ನೆಂಟರು ಅಣ್ಣನ ಕಡೆ ಗೌರವದಿಂದ ತಿರುಗುತ್ತಿದ್ದರು. ಅಷ್ಟರಲ್ಲಿ ಅವನು ಎದ್ದು, ಸೈಕಲ್ಲಿಗೆ ಗಾಳಿ ಹೊಡೆಯುವ ನೆವ ಮಾಡಿಕೊಂಡು ಹೊರಗೆ ಹೋಗಿರುತ್ತಿದ್ದ. ಪಂಪಿನ ಸದ್ದು ಒಳಗೆ ಕೇಳಿಸುತ್ತಿತ್ತು, ಚಕ್ರ ತುಂಬಿದ ಮೇಲೂ.